ಮ್ಯಾಚಿಂಗ್ ನಂಬರ್ಸ್

ಅಮೆರಿಕದ ಹಳೆಯ ಕಾರುಗಳ ಲೋಕದ ನುಡಿಗಟ್ಟು. ಅರ್ಥ, ‘ಒಂದಕ್ಕೊಂದು ತಾಳೆಯಾಗುವ ಸಂಖ್ಯೆಗಳು’. ಉದಾಹರಣೆಗೆ 1967ರ ಷೆವ್ರೊಲೆ ಕಾರ್ವೆಟ್. ಅದರ ಎಂಜಿನ್ ಬ್ಲಾಕಿನ ಮೇಲೆ ಒತ್ತಿದ ಕ್ರಮಸಂಖ್ಯೆ ಕಾರಿನ ಗುರುತಿನ ಸಂಖ್ಯೆಗೆ ಹೊಂದಬೇಕು. ಎರಕದ ದಿನಾಂಕವೂ ಸಾಕ್ಷಿ ಹೇಳುತ್ತದೆ: ‘ಸಿ 14 7’ ಎಂದರೆ ಆ ವರ್ಷದ ಮಾರ್ಚ್ 14. ಕಾರು ಜೋಡಣೆಯಾದ ಮೇಲೆ ಎರಕ ಹೊಯ್ದದ್ದಾದರೆ ಅದು ಬದಲಿ ಎಂಜಿನ್ನೇ ಸರಿ. ಹೊಸದಾಗಿ ನಂಬರ್ ಒತ್ತಿ ಮೋಸ ಮಾಡುವವರೂ ಉಂಟು. ಹಾಗಾಗಿ ಅಂಕಿಗಳ ಆಕಾರ, ಲೋಹದ ಮೇಲೆ ಯಂತ್ರ ಬಿಟ್ಟ ಸಣ್ಣ ಗೀರುಗಳನ್ನೂ ಪರೀಕ್ಷಿಸುತ್ತಾರೆ. 1974ರಲ್ಲಿ ಆರಂಭವಾದ ನ್ಯಾಷನಲ್ ಕಾರ್ವೆಟ್ ರೆಸ್ಟೋರರ್ಸ್ ಸೊಸೈಟಿಯ ತೀರ್ಪಿನಲ್ಲಿ, ಕಾರ್ಖಾನೆಯಿಂದ ಹೊರಬಂದಾಗ ಇದ್ದುದಕ್ಕಿಂತ ಹೆಚ್ಚು ಮಿರುಗಿಸಿದರೂ ಅಂಕ ಕಡಿತ! ನಮ್ಮ ಗ್ಯಾರೇಜುಗಳ ‘ಕಂಪನಿ ಮಾಲು’ ಇಷ್ಟು ಕಟ್ಟುನಿಟ್ಟಲ್ಲ: ಅದಕ್ಕೆ ಅದೇ ಕಂಪನಿಯ ಹೊಸ ಬಿಡಿಭಾಗವಾದರೆ ಸಾಕು, ‘ಮ್ಯಾಚಿಂಗ್ ನಂಬರ್ಸ್’ಗೆ ಅದೇ ಕಾರಿನೊಂದಿಗೆ ಹುಟ್ಟಿದ ಎಂಜಿನ್ನೇ ಬೇಕು.