ಚಿಗರಿ ಬೇಟೆ (ಜೋಳದ ಹೊಲಗಳಲ್ಲಿ)

ಮಹಾರಾಷ್ಟ್ರದ ಉಮರ್ಗಾ, ನಿಲಂಗಾ, ಉದಗೀರ, ಜಳಕೋಟ ಸುತ್ತಿನ ಎರೆನೆಲದಲ್ಲಿ ಹಿಂದೆ ನಡೆಯುತ್ತಿದ್ದ, ಈಗ ಶಿಕ್ಷಾರ್ಹವಾದ ಬೇಟೆ. ಚಿಗರಿ ಎಂದರೆ ಕೃಷ್ಣಮೃಗ. ರೂಢಿಯಲ್ಲಿ ಜಿಂಕೆ ಎಂದು ಕರೆದರೂ ಇದು ಜಿಂಕೆಯ ಕುಲದ್ದಲ್ಲ: ಜಿಂಕೆಯ ಕವಲುಗೊಂಬು ಉದುರಿ ಮತ್ತೆ ಬೆಳೆಯುತ್ತದೆ, ಗಂಡು ಚಿಗರಿಯ ತಿರುಚುಗೊಂಬು ಉದುರುವುದಿಲ್ಲ.

ಚಿಗರಿ ಬಯಲಿನ ಪ್ರಾಣಿ. ಕಣ್ಣು ಮತ್ತು ಓಟ ಇವೇ ಅದರ ರಕ್ಷಣೆ. ಹಿಂಗಾರಿ ಜೋಳ, ಕಡಲೆ ಮೊಳೆತಾಗ ಹಿಂಡು ಹೊಲಕ್ಕಿಳಿದು ಎಳೆ ಪೈರು ಮೇಯುತ್ತದೆ. ಜೋಳ ಆಳೆತ್ತರವಾದರೆ ದೂರ ಕಾಣದು. ಹಾಗಾಗಿ ಅಂಚಿನಲ್ಲೇ, ಬೀಳುನೆಲದಲ್ಲೇ ಹೆಚ್ಚು ಸುಳಿಯುತ್ತದೆ. ಬೇಟೆಗಾರನಿಗೆ ಬೇಕಾದದ್ದೂ ಈ ಅಂಚೇ. ಹರಣಶಿಕಾರಿಗಳು, ಅಂದರೆ ಮರಾಠಿಯ ಫಾಸೆ ಪಾರಧಿಗಳು, ಹಾದಿಗಡ್ಡವಾಗಿ ಉರುಲುಗಳ ಸಾಲು ಹೂಡಿ ಹಿಂಡನ್ನು ಅತ್ತ ಅಟ್ಟುತ್ತಿದ್ದರು. ಪಳಗಿಸಿದ ಎತ್ತಿನ ಮರೆಯಲ್ಲಿ ಸಮೀಪಿಸುವುದು ಇನ್ನೊಂದು ವಿಧಾನ: ದನವನ್ನು ಕಂಡರೆ ಚಿಗರಿ ಬೆದರುವುದಿಲ್ಲ. ಸಿರಿವಂತರ ಶೋಕಿ ಬೇರೆ; ಮೊಗಲರೂ ಸಂಸ್ಥಾನಿಕರೂ ಪಳಗಿಸಿದ ಚೀತಾ ಬಿಟ್ಟು ಬೇಟೆಯಾಡಿದರು. ಆದರೂ ಬ್ರಿಟಿಷರ ಕಾಲದ ಕಾಯ್ದೆಯ ಅಡಿಯಲ್ಲಿ ‘ಅಪರಾಧಿ ಬುಡಕಟ್ಟು’ ಎಂಬ ಹಣೆಪಟ್ಟಿ ಬಿದ್ದದ್ದು ಪಾರಧಿಗಳಿಗೆ!

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿ ಕೃಷ್ಣಮೃಗವಿದೆ. ಕೊಂದವರಿಗೆ 3ರಿಂದ 7 ವರ್ಷ ಸೆರೆವಾಸ, ಜೊತೆಗೆ ದಂಡ. ಸ್ವಂತ ಹೊಲದಲ್ಲಿ ಕೊಂದರೂ ವಿನಾಯಿತಿಯಿಲ್ಲ. ಬೆಳೆ ಕಾಯುವ ರೈತನಿಗೆ ಉಳಿದಿರುವುದು ಬೇಲಿ, ರಾತ್ರಿ ಕಾವಲು, ಬೆಳೆಹಾನಿ ಪರಿಹಾರಕ್ಕಾಗಿ ಅರಣ್ಯ ಇಲಾಖೆಗೆ ಅರ್ಜಿ. ಸೊಲ್ಲಾಪುರ ಬಳಿಯ ನಾನ್ನಜ ಮತ್ತು ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಅಭಯಾರಣ್ಯಗಳಲ್ಲಿ ಚಿಗರಿ ಹಿಂಡುಗಳಿವೆ.