ಬೀದಿಯ ಬೋಧಕನಿಗೆ ಕಚೇರಿಯ ಮೇಜು

ಅದು 1933ರ ಬೇಸಿಗೆ. ಇಂಗ್ಲೆಂಡಿನ ಲ್ಯಾಂಕಾಷೈರ್ ಪ್ರಾಂತ್ಯದಲ್ಲಿ ಹತ್ತಿ ಗಿರಣಿಗಳ ಊರಾದ ಪ್ರೆಸ್ಟನ್‌ಗೆ ಅಮೆರಿಕದ ಸಾಲ್ಟ್ ಲೇಕ್ ಸಿಟಿಯಿಂದ 23 ವರ್ಷದ ತರುಣನೊಬ್ಬ ಬಂದಿಳಿದ. ಹೆಸರು ಗಾರ್ಡನ್ ಬಿ. ಹಿಂಕ್ಲಿ. ಇಂಗ್ಲಿಷ್ ಪದವೀಧರ. ಪತ್ರಿಕೋದ್ಯಮ ಓದುವ ಆಸೆಯನ್ನು ಬದಿಗಿಟ್ಟು ಮಾರ್ಮನ್ ಪಂಥದ ಪ್ರಚಾರಕನಾಗಿ ಬಂದಿದ್ದ. ಬಂದ ಸಂಜೆಯೇ ಜೊತೆಗಾರ ಅವನನ್ನು ಪೇಟೆ ಚೌಕಕ್ಕೆ ಕರೆದೊಯ್ದು ಭಾಷಣಕ್ಕೆ ನಿಲ್ಲಿಸಿದ. ಕೇಳುವವರಿಗೆ ಕುತೂಹಲವಿರಲಿಲ್ಲ. ಮನೆ ಮನೆ ಬಾಗಿಲು ತಟ್ಟಿದರೆ ಬಾಗಿಲು ಮುಚ್ಚುತ್ತಿತ್ತು. ಸಾಲದ್ದಕ್ಕೆ ಹುಲ್ಲಿನ ಪರಾಗದಿಂದ ಸದಾ ಸೀನು, ಮೂಗು ಸೋರಿಕೆ.

ಕೆಲವೇ ವಾರಗಳಲ್ಲಿ ಆತ ಅಪ್ಪನಿಗೆ ಪತ್ರ ಬರೆದ. ನನ್ನ ಹೊತ್ತು, ನಿಮ್ಮ ಹಣ ಎರಡೂ ವ್ಯರ್ಥವಾಗುತ್ತಿವೆ ಎಂಬುದು ಅದರ ಸಾರ. ಆ ಹಣದ ಹಿಂದೆಯೂ ಒಂದು ಕಥೆಯಿತ್ತು. ಮಾರ್ಮನ್ ಪ್ರಚಾರಕರಿಗೆ ಸಂಬಳವಿಲ್ಲ; ಖರ್ಚು ಅವರದೇ, ಇಲ್ಲವೇ ಮನೆಯವರದು. ಜಗತ್ತೆಲ್ಲ ಆರ್ಥಿಕ ಕುಸಿತದಲ್ಲಿ ನಲುಗಿದ್ದ ಕಾಲವದು. 1930ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡ ಹಿಂಕ್ಲಿಯ ತಾಯಿ, ಸಂತೆ ಸಾಮಾನಿನಲ್ಲಿ ಉಳಿದ ಚಿಲ್ಲರೆ ಕಾಸನ್ನು ಮಕ್ಕಳ ಈ ಸೇವೆಗೆಂದೇ ಕೂಡಿಟ್ಟಿದ್ದರು. ಅದೂ ಈ ಯಾತ್ರೆಯ ಗಂಟಿಗೆ ಸೇರಿತ್ತು. ಅಪ್ಪನ ಮಾರೋಲೆ ಬಹಳ ಚಿಕ್ಕದು: ನಿನ್ನನ್ನು ನೀನು ಮರೆತುಬಿಡು, ಕೆಲಸ ಮಾಡು. ಬದುಕಿನಲ್ಲಿ ತಾನು ತೆಗೆದುಕೊಂಡ ದೊಡ್ಡ ನಿರ್ಧಾರ ಆ ದಿನದ್ದು ಎಂದು ಹಿಂಕ್ಲಿ ಮುಂದೆ ಜೀವನವಿಡೀ ಹೇಳಿಕೊಂಡರು.

ಬೀದಿಯ ಕೆಲಸ ಒಗ್ಗಿತು ಎನ್ನುವಷ್ಟರಲ್ಲಿ ಇನ್ನೊಂದು ಆದೇಶ ಬಂತು. ಲಂಡನ್ನಿಗೆ ಹೊರಡು, ಕಚೇರಿಯಲ್ಲಿ ಕೆಲಸವಿದೆ.

ಏನಿದು ಮಿಶನ್ ಕಚೇರಿ?

ಜೋಸೆಫ್ ಸ್ಮಿತ್ ಎಂಬುವರು 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಸ್ಥಾಪಿಸಿದ ಪಂಥವಿದು. ಇದರ ತರುಣರು ಇಬ್ಬಿಬ್ಬರಾಗಿ ಊರೂರು ಸುತ್ತುವುದನ್ನು ಜಗತ್ತು ಕಂಡಿದೆ. ಗಂಡುಮಕ್ಕಳಿಗೆ ಸಾಮಾನ್ಯವಾಗಿ ಎರಡು ವರ್ಷ, ಹೆಣ್ಣುಮಕ್ಕಳಿಗೆ ಒಂದೂವರೆ ವರ್ಷದ ಸೇವೆ. ಹುಡುಗರ ಕನಿಷ್ಠ ವಯಸ್ಸನ್ನು 2012ರಲ್ಲಿ 19ರಿಂದ 18ಕ್ಕೆ ಇಳಿಸಲಾಯಿತು. ಮೀಸೆ ಸರಿಯಾಗಿ ಮೂಡದ ಈ ಹುಡುಗರನ್ನು ಕರೆಯುವುದು ಮಾತ್ರ 'ಎಲ್ಡರ್', ಅಂದರೆ ಹಿರಿಯ, ಎಂದು! ಒಂದು ಪ್ರದೇಶದ ಪ್ರಚಾರಕರೆಲ್ಲ ಸೇರಿ ಒಂದು ಮಿಶನ್. ಅದಕ್ಕೊಬ್ಬ ಅಧ್ಯಕ್ಷ, ಒಂದು ಕಚೇರಿ. ನಮ್ಮ ಬೆಂಗಳೂರಿನ ಹೆಸರಿನ ಮಿಶನ್ ಆರಂಭವಾದದ್ದು 1993ರ ಜನವರಿಯಲ್ಲಿ.

ಜನರ ಕಣ್ಣಿಗೆ ಬೀಳುವುದು ಬೀದಿಯ ಬೋಧಕ. ಅವನ ಬಾಡಿಗೆ ಕೋಣೆಯ ಲೆಕ್ಕ, ಕರಪತ್ರದ ಕಟ್ಟು, ವರ್ಗಾವಣೆಯ ಕಾಗದ ಇವನ್ನೆಲ್ಲ ನೋಡಿಕೊಳ್ಳುವುದು ಕಚೇರಿ. ಅಲ್ಲಿ ಗುಮಾಸ್ತಿಕೆ ಮಾಡುವವರಲ್ಲೂ ಪ್ರಚಾರಕ್ಕೆಂದೇ ಮನೆ ಬಿಟ್ಟು ಬಂದ ಹುಡುಗರು ಇರುತ್ತಾರೆ. ತೊಡಕಿರುವುದು ಇಲ್ಲೇ. ಬೀದಿಯಲ್ಲಿ ಬೈಗುಳವೋ ಮೆಚ್ಚುಗೆಯೋ ಆ ಕ್ಷಣಕ್ಕೇ ಸಿಗುತ್ತದೆ. ಮೇಜಿನ ಮುಂದೆ ಕೂತವನಿಗೆ ಎರಡೂ ಇಲ್ಲ. ಇಷ್ಟು ಜನರಿಗೆ ದೀಕ್ಷೆ ಕೊಡಿಸಿದೆ ಎಂದು ಊರಿಗೆ ಬರೆಯಲು ಅವನಲ್ಲಿ ಲೆಕ್ಕವೂ ಉಳಿಯುವುದಿಲ್ಲ.

ಆದರೆ ಈ ಪಂಥದ ಇತಿಹಾಸವನ್ನು ಬಗೆದು ನೋಡಿದರೆ ಚಿತ್ರ ಬೇರೆಯೇ. ಇದರ ಮೊದಲ ಪ್ರಚಾರಕರು ಇಂಗ್ಲೆಂಡಿಗೆ ಕಾಲಿಟ್ಟದ್ದು 1837ರಲ್ಲಿ. ಮೊದಲು ಬೋಧಿಸಿದ್ದು ಅದೇ ಪ್ರೆಸ್ಟನ್‌ನಲ್ಲಿ. 1840ರಲ್ಲಿ 'ಮಿಲೇನಿಯಲ್ ಸ್ಟಾರ್' ಎಂಬ ಪತ್ರಿಕೆ ಹುಟ್ಟಿತು, 1970ರವರೆಗೆ ನಡೆಯಿತು. ಲಿವರ್‌ಪೂಲ್‌ನ ಕಚೇರಿ ಪತ್ರಿಕೆ, ಪುಸ್ತಕಗಳ ಜೊತೆಗೆ ಹಡಗು ಗೊತ್ತುಮಾಡಿ ವಲಸೆಗಾರರನ್ನು ಅಮೆರಿಕಕ್ಕೆ ಕಳಿಸುವ ಹೊಣೆಯನ್ನೂ ಹೊತ್ತಿತ್ತು. 1849ರಲ್ಲಿ ಆರಂಭವಾದ ವಲಸೆ ನಿಧಿಯಿಂದ ಬಡವರಿಗೆ ಪ್ರಯಾಣದ ಸಾಲ ಸಿಗುತ್ತಿತ್ತು. ಯಾರು, ಎಷ್ಟು ಮಂದಿ, ಎಷ್ಟು ಸಾಲ ಎಂಬುದನ್ನೆಲ್ಲ ಬರೆದಿಡುವ ಗುಮಾಸ್ತರಿಲ್ಲದೆ ಇದು ನಡೆಯುವ ಮಾತಲ್ಲ. 1863ರಲ್ಲಿ ಲಂಡನ್ನಿನಿಂದ ಹೊರಟ 'ಅಮೆಜಾನ್' ಹಡಗನ್ನು ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಹತ್ತಿ ನೋಡಿದರು. ತೆಗಳುವ ಸಿದ್ಧತೆಯಲ್ಲೇ ಹೋದ ಅವರು, ಎಂಟುನೂರಕ್ಕೂ ಹೆಚ್ಚು ಜನರ ಆ ಗುಂಪಿನ ಶಿಸ್ತನ್ನು ಮೆಚ್ಚಿ ಬರೆದರು. ಆ ಶಿಸ್ತಿನಲ್ಲಿ ಕಚೇರಿಯ ಪಾಲೂ ಇತ್ತು.

ಗಾರ್ಡನ್ ಸ್ಕ್ವೇರ್‌ನ ದಿನಗಳು

ಹಿಂಕ್ಲಿ ಬರುವ ಹೊತ್ತಿಗೆ ಯೂರೋಪಿನ ಮಿಶನ್‌ಗಳ ಕೇಂದ್ರ ಕಚೇರಿ ಲಂಡನ್ನಿನಲ್ಲಿತ್ತು. ವಿಳಾಸ ಗಾರ್ಡನ್ ಸ್ಕ್ವೇರ್. ಬಡಾವಣೆಗೂ ಹುಡುಗನಿಗೂ ಒಂದೇ ಹೆಸರು! ಅಲ್ಲಿನ ಅಧ್ಯಕ್ಷ ಜೋಸೆಫ್ ಎಫ್. ಮೆರಿಲ್ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಪಡೆದ ಭೌತವಿಜ್ಞಾನಿ. ಅವರಿಗೆ ಸಹಾಯಕನಾಗಿ ಹಿಂಕ್ಲಿ ಕೂತ. ಬರವಣಿಗೆಯ ಕೆಲಸ, ಪ್ರಚಾರ ಸಾಹಿತ್ಯದ ಕೆಲಸ. ಹಾಗೆಂದು ಬೀದಿ ಪೂರ್ತಿ ತಪ್ಪಲಿಲ್ಲ. ಬಿಡುವಿನಲ್ಲಿ ಹೈಡ್ ಪಾರ್ಕಿನ ಮೂಲೆಯಲ್ಲಿ ನಿಂತು, ಕೂಗಿ ಕೆಣಕುವ ಜನರ ಮುಂದೆ ಮಾತಾಡುವುದೂ ನಡೆದಿತ್ತು.

ಕಚೇರಿಯ ಕೆಲಸವೆಂದರೆ ಸುರಕ್ಷಿತ ಕೆಲಸ ಎಂದುಕೊಂಡವರು ಒಂದು ಪ್ರಸಂಗವನ್ನು ಕೇಳಬೇಕು. ಲಂಡನ್ನಿನ ಪ್ರಕಾಶಕರೊಬ್ಬರು ಮಾರ್ಮನ್ನರ ಚರಿತ್ರೆ ಎಂಬಂತೆ ಒಂದು ಕಟ್ಟುಕಥೆಯ ಪುಸ್ತಕವನ್ನು ಮರುಮುದ್ರಿಸಿದ್ದರು. ಹೋಗಿ ಆಕ್ಷೇಪಣೆ ತಿಳಿಸು ಎಂದರು ಮೆರಿಲ್. ಅಳುಕುತ್ತಲೇ ಹೋದ ಹುಡುಗನಿಗೆ, ಸಾಹೇಬರಿಗೆ ಪುರಸೊತ್ತಿಲ್ಲ ಎಂಬ ಉತ್ತರ ಸಿಕ್ಕಿತು. ಐದು ಸಾವಿರ ಮೈಲಿ ದೂರದಿಂದ ಬಂದಿದ್ದೇನೆ, ಕಾಯುತ್ತೇನೆ ಎಂದು ಅಲ್ಲೇ ಕೂತ. ಕೊನೆಗೆ ಭೇಟಿಯಾಯಿತು. ಮೊದಲು ಗುರುಗುಟ್ಟಿದ ಪ್ರಕಾಶಕರು ಮಾತು ಬೆಳೆದಂತೆ ಮೆತ್ತಗಾದರು. ಅಂಗಡಿಗಳಿಗೆ ಹೋಗಿದ್ದ ಪ್ರತಿಗಳನ್ನು ತರಿಸಿ, ಇದು ಚರಿತ್ರೆಯಲ್ಲ, ಕಲ್ಪಿತ ಕಥೆ ಎಂಬ ಸೂಚನೆ ಸೇರಿಸಿ ಕಳಿಸಿದರು. ಇದನ್ನು ಹಿಂಕ್ಲಿ ಅವರೇ ಮುಂದೆ ಹೇಳಿದ್ದುಂಟು.

1935ರಲ್ಲಿ ಆತ ಊರಿಗೆ ಮರಳಿದಾಗ ಮೆರಿಲ್ ಒಂದು ಕೆಲಸ ವಹಿಸಿದ್ದರು. ಪ್ರಚಾರಕರ ಕೈಗೆ ಒಳ್ಳೆಯ ಪುಸ್ತಕ, ಚಿತ್ರ ಸಾಮಗ್ರಿ ಇಲ್ಲ ಎಂಬುದನ್ನು ಪಂಥದ ಅಧ್ಯಕ್ಷರಿಗೆ ಖುದ್ದಾಗಿ ತಿಳಿಸಬೇಕು. 15 ನಿಮಿಷಕ್ಕೆಂದು ಗೊತ್ತಾಗಿದ್ದ ಭೇಟಿ ಒಂದು ಗಂಟೆ ದಾಟಿತು. ಮುಂದೆ ರೇಡಿಯೊ ಮತ್ತು ಪ್ರಚಾರ ಸಾಹಿತ್ಯದ ಹೊಸ ಸಮಿತಿಗೆ ಆತನೇ ಕಾರ್ಯದರ್ಶಿ! ಪತ್ರಿಕೋದ್ಯಮದ ಓದು ಅಲ್ಲಿಗೆ ನಿಂತಿತು. ಸಿಕ್ಕಿದ್ದು ಖಾಲಿ ಕೋಣೆ. ಕಾಲು ಗಿಡ್ಡವಾದ ಹಳೇ ಮೇಜಿಗೆ ಮರದ ತುಂಡು ಒತ್ತುಕೊಟ್ಟು, ಮನೆಯಿಂದ ಸ್ವಂತ ಟೈಪ್‌ರೈಟರ್ ತಂದುಕೊಂಡ. ಒಂದು ರೀಮು ಕಾಗದ ಕೇಳಿದಾಗ ಉಗ್ರಾಣದವರು ಬೆಚ್ಚಿದರಂತೆ: ರೀಮಿಗೆ 500 ಹಾಳೆ, ಅಷ್ಟನ್ನಿಟ್ಟುಕೊಂಡು ಏನು ಮಾಡುತ್ತೀ? ಒಂದೊಂದಾಗಿ ಬರೆಯುತ್ತೇನೆ ಎಂದನಂತೆ ಹುಡುಗ.

ಆ ಹುಡುಗನೇ 1995ರಲ್ಲಿ ಪಂಥದ 15ನೇ ಅಧ್ಯಕ್ಷರಾದರು. 2008ರಲ್ಲಿ, 97ನೇ ವಯಸ್ಸಿನಲ್ಲಿ ತೀರಿಕೊಂಡರು. ಕಚೇರಿಗೆ ಹೋದ ಎಲ್ಲ ಹುಡುಗರೂ ಹೀಗೆ ಮೇಲೇರುವುದಿಲ್ಲ ನಿಜ. ಹೆಚ್ಚಿನವರು ಲೆಕ್ಕದ ಪುಸ್ತಕ ಮುಂದಿನವನ ಕೈಗೊಪ್ಪಿಸಿ ಊರಿಗೆ ಮರಳುತ್ತಾರೆ, ಅಷ್ಟೆ. ಹಾಗೆಂದು ಅವರ ಎರಡು ವರ್ಷ ವ್ಯರ್ಥವೆನ್ನಲಾಗದು. ತನ್ನನ್ನು ತಾನು ಮರೆತು ಕೆಲಸ ಮಾಡು ಎಂದು ಅಪ್ಪ ಬರೆದದ್ದು ಬೀದಿಯಲ್ಲಿ ಸೋತ ಮಗನಿಗೆ. ಹೆಸರಿಲ್ಲದ, ಚಪ್ಪಾಳೆಯಿಲ್ಲದ ಕಚೇರಿಯ ಮೇಜಿಗೆ ಆ ಮಾತು ಇನ್ನೂ ಚೆನ್ನಾಗಿ ಒಪ್ಪುತ್ತದೆ.