ಪೆಟ್ರೋಲ್ ಇಲ್ಲದ ಬಸ್ಸು, ಸೀಮೆಎಣ್ಣೆ ಇಲ್ಲದ ಲಾಟೀನು

(1/5)

ಸ್ವೈಪ್ ಮಾಡೋಕೆ ಮುಂಚೆ ಒಂದು ಪ್ರಶ್ನೆ. ನಾಳೆ ಬೆಳಿಗ್ಗೆ ನಿಮ್ಮೂರಿನ ಬಂಕ್‌ಗಳಲ್ಲೆಲ್ಲ "ಪೆಟ್ರೋಲ್ ಇಲ್ಲ" ಅಂತ ಬೋರ್ಡ್ ಬಿತ್ತು ಅಂದ್ಕೊಳ್ಳಿ. ಮೊದಲು ಯಾರಿಗೆ ಬಿಸಿ ತಟ್ಟುತ್ತೆ? ನಮ್ಮ ಕ್ಲಾಸಲ್ಲಿ ಕೇಳಿದಾಗ ಎಲ್ಲರೂ ಹೇಳಿದ್ದು ಒಂದೇ ಮಾತು: ಗಾಡಿ ಇರೋರಿಗೆ. ನಾನೂ ಹಾಗೇ ಅಂದ್ಕೊಂಡಿದ್ದೆ. ಈ ಸಲ ರಜೆಯಲ್ಲಿ ಅಜ್ಜಿ ಹತ್ತಿರ ಕೂತು 1943ರ ಒಂದು ಪ್ರಯಾಣದ ಕಥೆ ಕೇಳಿದ ಮೇಲೆ ಆ ಉತ್ತರ ತಪ್ಪು ಅನ್ನಿಸಿತು.

ಮೊದಲ ಫೋಟೋದಲ್ಲಿ ಇರೋದು ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜಿ ಮನೆಯ ಅಟ್ಟದಿಂದ ಇಳಿಸಿದ ಲಾಟೀನು. ಗಾಜು ಇನ್ನೂ ಒಡೆದಿಲ್ಲ, ಬತ್ತಿ ಮಾತ್ರ ಇಲ್ಲ. ಅಜ್ಜಿಗೆ ಈಗ 90 ವರ್ಷ. ಆಗ ಎಂಟು ವರ್ಷದ ಹುಡುಗಿ. "ಯುದ್ಧದ ಟೈಮಲ್ಲಿ ಇದನ್ನ ಗೂಟಕ್ಕೆ ನೇತಾಕಿದ್ದೇ ಬಂತು ಮಾರಾಯ್ತಿ, ಎಣ್ಣೆ ಎಲ್ಲಿಂದ ತರೋದು?" ಅಂದರು.

ಯುದ್ಧ ನಡೆದದ್ದು ಬರ್ಮಾದಲ್ಲಿ, ಯುರೋಪಿನಲ್ಲಿ. ತೀರ್ಥಹಳ್ಳಿಯ ಲಾಟೀನು ಯಾಕೆ ಆರಿತು?

(2/5)

ನಮ್ಮ ಪಠ್ಯಪುಸ್ತಕದಲ್ಲಿ ಎರಡನೇ ಮಹಾಯುದ್ಧ ಅಂದರೆ ಹಿಟ್ಲರ್, ಪರ್ಲ್ ಹಾರ್ಬರ್, ಅಣುಬಾಂಬ್. ಐದು ಮಾರ್ಕಿಗೆ ಅಷ್ಟು ಸಾಕು. ಆದರೆ ಆಗಿನ ಭಾರತಕ್ಕೆ ಸೀಮೆಎಣ್ಣೆ, ಪೆಟ್ರೋಲ್ ದೊಡ್ಡ ಪ್ರಮಾಣದಲ್ಲಿ ಬರ್ತಿದ್ದದ್ದು ಬರ್ಮಾದಿಂದ ಅನ್ನೋದನ್ನ ನೆನಪಿಟ್ಟುಕೊಳ್ಳಿ. 1937ರವರೆಗೆ ಬರ್ಮಾ ಬ್ರಿಟಿಷ್ ಇಂಡಿಯಾದ ಭಾಗವೇ ಆಗಿತ್ತು. ನಮ್ಮಲ್ಲೇ ತೈಲ ಇರಲಿಲ್ವಾ ಅಂತ ಕೇಳಿದ್ರೆ, ಇತ್ತು. ಅಸ್ಸಾಮಿನ ದಿಗ್ಬೋಯ್‌ನಲ್ಲಿ 1901ರಿಂದಲೇ ರಿಫೈನರಿ ನಡೀತಿತ್ತು. ಆದರೆ ಇಡೀ ದೇಶಕ್ಕೆ ಅದೆಲ್ಲಿ ಸಾಕು?

ಯುದ್ಧಕ್ಕೆ ಪೆಟ್ರೋಲ್ ಬೇಕಾದ ಹಾಗೆ ಸರ್ಕಾರ 1941ರಲ್ಲೇ ಪೆಟ್ರೋಲ್ ರೇಷನಿಂಗ್ ತಂದಿತ್ತು. ಕೂಪನ್ ಇದ್ದರೆ ಇಷ್ಟು ಗ್ಯಾಲನ್, ಇಲ್ಲದಿದ್ದರೆ ಇಲ್ಲ. ಆಮೇಲೆ ಬಂತು 1942. ಫೆಬ್ರವರಿ 15ರಂದು ಸಿಂಗಾಪುರ ಜಪಾನಿಗೆ ಶರಣಾಯಿತು. ಮಾರ್ಚ್‌ನಲ್ಲಿ ರಂಗೂನ್ ಬಿತ್ತು. ಬ್ರಿಟಿಷರು ಹಿಂದೆ ಸರಿಯುವಾಗ ತೈಲ ಜಪಾನಿನ ಕೈಗೆ ಸಿಗಬಾರದು ಅಂತ ರಂಗೂನ್ ಹತ್ತಿರದ ಸಿರಿಯಂ ರಿಫೈನರಿಯನ್ನೂ, ಏಪ್ರಿಲ್‌ನಲ್ಲಿ ಯೆನಂಗ್ಯಾಂಗ್‌ನ ತೈಲಬಾವಿಗಳನ್ನೂ ತಾವೇ ನಾಶ ಮಾಡಿದರು. ಅದೇ ಏಪ್ರಿಲ್‌ನಲ್ಲಿ ವಿಶಾಖಪಟ್ಟಣ, ಕಾಕಿನಾಡದ ಮೇಲೆ ಬಾಂಬ್ ಬಿತ್ತು. ಬಂಗಾಳ ಕೊಲ್ಲಿಯಲ್ಲಿ ಹಡಗು ಬರೋದೇ ಅಪಾಯ ಅನ್ನೋ ಸ್ಥಿತಿ. ಮಲಯ ಕೈತಪ್ಪಿದ್ದರಿಂದ ರಬ್ಬರ್ ಕೂಡ ಹೋಯಿತು, ಅಂದರೆ ಟಯರ್‌ಗೂ ಪರದಾಟ.

ಇನ್ನೊಂದು ವಸ್ತುವಿನ ಹೆಸರು ಇಲ್ಲೇ ಹೇಳಿಬಿಡ್ತೀನಿ, ಮುಂದೆ ಬೇಕಾಗುತ್ತೆ: ಕ್ವಿನೈನ್. ಮಲೇರಿಯಾಕ್ಕೆ ಆಗ ಇದ್ದ ಮುಖ್ಯ ಔಷಧಿ. ಪ್ರಪಂಚದ ಕ್ವಿನೈನ್‌ನ ಬಹುಪಾಲು ಬರ್ತಿದ್ದದ್ದು ಜಾವಾ ದ್ವೀಪದ ಸಿಂಕೋನಾ ತೋಟಗಳಿಂದ. ಜಾವಾ ಕೂಡ 1942ರ ಮಾರ್ಚ್‌ನಲ್ಲೇ ಜಪಾನಿನ ವಶವಾಯಿತು.

(ಅದೇ 1942ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ಈಸೂರಿನವರು ತಮ್ಮೂರು ಸ್ವತಂತ್ರ ಅಂತ ಘೋಷಿಸಿಕೊಂಡರು. ಅದಕ್ಕೆ ಬೇರೆಯೇ ಸರಣಿ ಬೇಕು. ಖಂಡಿತ ಬರೀತೀನಿ.)

(3/5)

ಈಗ ಮನೆ ಒಳಗೆ ಬನ್ನಿ. ಶಿವನಸಮುದ್ರದ ಕರೆಂಟು ಬೆಂಗಳೂರಿನ ಬೀದಿಗಳಿಗೆ 1905ರಲ್ಲೇ ಬಂದಿತ್ತು. ಅಜ್ಜಿಯ ಊರಿಗೆ ಅದು ಬಂದದ್ದು ಅವರ ಮದುವೆಯಾಗಿ ಎಷ್ಟೋ ವರ್ಷದ ಮೇಲೆ. ಹಾಗಾಗಿ ಅಲ್ಲಿ ಸೀಮೆಎಣ್ಣೆ ಇಲ್ಲ ಅಂದರೆ ಏಳು ಗಂಟೆಗೆ ಕತ್ತಲು.

ಮುತ್ತಜ್ಜಿ ಏನು ಮಾಡಿದರು? ಲಾಟೀನು ಮೇಲಿಟ್ಟು, ಹಳೇ ಹಣತೆ ಕೆಳಗಿಳಿಸಿದರು. ಹೊಂಗೆ ಎಣ್ಣೆ, ಹರಳೆಣ್ಣೆ. ಹೊಂಗೆ ಎಣ್ಣೆಯ ಹೊಗೆಗೆ ಕಣ್ಣು ಉರೀತಿತ್ತಂತೆ. ಅಡುಗೆ, ಊಟ, ಪಾತ್ರೆ ಎಲ್ಲ ಹೊತ್ತು ಮುಳುಗೋದರೊಳಗೆ ಮುಗಿಸಬೇಕು. ರಾತ್ರಿ ಕೊಟ್ಟಿಗೆಗೆ ಹೋಗೋಕೆ ತೆಂಗಿನ ಗರಿಯ ಸೂಡಿ. ಅಣ್ಣ ಒಬ್ಬ ಮಿಡ್ಲ್ ಸ್ಕೂಲ್ ಪರೀಕ್ಷೆಗೆ ಓದಬೇಕಿತ್ತು ಅಂತ ಅವನ ಪುಸ್ತಕದ ಪಕ್ಕ ಒಂದು ಹಣತೆ ಜಾಸ್ತಿ. "ನಂಗೆ ಯಾರೂ ಹಣತೆ ಇಡ್ಲಿಲ್ಲ, ನಾ ಬೇಗ ಮಲಗ್ತಿದ್ದೆ" ಅಂದರು ಅಜ್ಜಿ. ನಗ್ತಾನೇ ಹೇಳಿದ್ದು. ಆದರೂ ಗಮನಿಸಿ: ಬೆಳಕು ಕಡಿಮೆ ಇದ್ದಾಗ ಅದು ಯಾರ ಪುಸ್ತಕದ ಪಕ್ಕ ಹೋಯಿತು, ಯಾರ ಪುಸ್ತಕ ಮುಚ್ಚಿತು.

ಪೇಟೆ ಕಡೆ ಇನ್ನೊಂದು ಉಪಾಯ ನಡೀತಿತ್ತು. ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಕಾಕಂಬಿಯಿಂದ ಪವರ್ ಆಲ್ಕೋಹಾಲ್ ಮಾಡಿ ಪೆಟ್ರೋಲ್ ಜೊತೆ ಬೆರೆಸೋದು. ಈಗ ಬಂಕ್‌ನಲ್ಲಿ ಇ20 ಅಂತ ಸ್ಟಿಕ್ಕರ್ ನೋಡಿ ಮೈಲೇಜ್ ಬಗ್ಗೆ ಜಗಳ ಆಡ್ತೀವಲ್ಲ, ಅದರ ಮುತ್ತಾತ ಅಂದ್ಕೊಳ್ಳಿ.

(4/5)

ಸರಿ, ಬಸ್ಸಿಗೆ ಬರೋಣ. ಆಗ ಸರ್ಕಾರಿ ಬಸ್ ಇರಲಿಲ್ಲ. ಮೈಸೂರು ಸರ್ಕಾರದ ಸಾರಿಗೆ ಶುರುವಾದದ್ದು 1948ರಲ್ಲಿ. ಅದಕ್ಕೆ ಮುಂಚೆ ಎಲ್ಲ ಖಾಸಗಿ ಬಸ್ಸು. ಕೂಪನ್ ಪೆಟ್ರೋಲಲ್ಲಿ ದಿನಾ ಓಡಿಸೋಕೆ ಆಗದೆ ಮಾಲೀಕರು ಬಸ್ಸಿಗೆ ಗ್ಯಾಸ್ ಪ್ಲಾಂಟ್ ಕಟ್ಟಿಸಿದರು. ಜನ ಅದಕ್ಕೆ ಇಟ್ಟ ಹೆಸರು ಇದ್ದಿಲು ಬಸ್ಸು.

ಹೇಗೆ ಓಡುತ್ತೆ? ಬಸ್ಸಿನ ಹಿಂದೆ ಒಂದು ದೊಡ್ಡ ಕಬ್ಬಿಣದ ಡ್ರಮ್ಮು. ನೀರು ಕಾಯಿಸೋ ಹಂಡೆ ಒಲೆಯನ್ನ ಎತ್ತಿ ಬಸ್ಸಿಗೆ ಕಟ್ಟಿದ ಹಾಗೆ. ಅದರೊಳಗೆ ಇದ್ದಿಲು ತುಂಬಿ ಬೆಂಕಿ ಹಾಕಬೇಕು. ಆದರೆ ಪೂರ್ತಿ ಉರಿಯೋಕೆ ಬಿಡಬಾರದು, ಗಾಳಿ ಕಡಿಮೆ ಕೊಡಬೇಕು. ಅರೆಬರೆ ಉರಿದ ಇದ್ದಿಲಿನಿಂದ ಬರೋದು ಕಾರ್ಬನ್ ಮಾನಾಕ್ಸೈಡ್, ಜೊತೆಗೆ ಸ್ವಲ್ಪ ಹೈಡ್ರೋಜನ್. ಈ ಎರಡೂ ಉರಿಯೋ ಅನಿಲಗಳು. ಬೂದಿ, ಮಸಿ ಸೋಸಿ, ತಣ್ಣಗೆ ಮಾಡಿ ಪೈಪಿನಲ್ಲಿ ಇಂಜಿನ್ನಿಗೆ ಬಿಟ್ಟರೆ ಪೆಟ್ರೋಲ್ ಜಾಗದಲ್ಲಿ ಅದೇ ಕೆಲಸ ಮಾಡುತ್ತೆ. ಫ್ರಾನ್ಸಿನ ಜಾರ್ಜ್ ಇಂಬರ್ಟ್ ಅನ್ನೋ ಇಂಜಿನಿಯರ್ 1920ರ ದಶಕದಲ್ಲೇ ಸೌದೆಯಿಂದ ಓಡುವ ಇಂಥ ಯಂತ್ರ ಮಾಡಿದ್ದ. ಯುದ್ಧದ ವರ್ಷಗಳಲ್ಲಿ ಸ್ವೀಡನ್ ಒಂದರಲ್ಲೇ 70 ಸಾವಿರಕ್ಕೂ ಹೆಚ್ಚು ವಾಹನ ಹೀಗೆ ಓಡಿದವು.

ಸಮಸ್ಯೆ ಏನಂದ್ರೆ ಆ ಅನಿಲದಲ್ಲಿ ಅರ್ಧದಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಬರೀ ನೈಟ್ರೋಜನ್. ಅದು ಉರಿಯಲ್ಲ. ಹಾಗಾಗಿ ಇಂಜಿನ್ನಿನ ಶಕ್ತಿ ಮೂರನೇ ಒಂದು ಭಾಗ, ಕೆಟ್ಟ ಇದ್ದಿಲಾದರೆ ಅರ್ಧದಷ್ಟೇ ಕಡಿಮೆ. ಬಯಲುಸೀಮೆಯಲ್ಲಿ ಹೇಗೋ ನಡೀತು. ಮಲೆನಾಡಿನ ಏರಿಗೆ?

ಇನ್ನು ಸ್ಟಾರ್ಟ್ ಮಾಡೋ ಕಥೆ. ಕೀ ತಿರುಗಿಸಿದ ತಕ್ಷಣ ಹೊರಡೋ ಬಸ್ಸಲ್ಲ ಅದು. ಬೆಂಕಿ ಹಿಡಿಯೋಕೆ ಡ್ರಮ್ಮಿನ ಪಕ್ಕದ ಫ್ಯಾನಿನ ಹಿಡಿಯನ್ನ ಒಬ್ಬ ಗರಗರ ತಿರುಗಿಸ್ತಾ ನಿಲ್ಲಬೇಕು, ಹತ್ತು ಹದಿನೈದು ನಿಮಿಷವಾದರೂ. ದಾರಿಯಲ್ಲಿ ಇದ್ದಿಲು ಮುಗಿದರೆ ಮುಚ್ಚಳ ತೆಗೆದು ತುಂಬಬೇಕು. ಬೂದಿ ಕಟ್ಟಿಕೊಂಡರೆ ಕೆದಕಬೇಕು. ಈ ಎಲ್ಲ ಕೆಲಸ ಡ್ರೈವರ್‌ದಲ್ಲ, ಕ್ಲೀನರ್‌ದು. ಕ್ಲೀನರ್ ಅಂದರೆ ಸಾಮಾನ್ಯವಾಗಿ ಒಬ್ಬ ಹುಡುಗ.

ಅಂದಹಾಗೆ ಇದ್ದಿಲು ಸುಡೋದು ನಮ್ಮ ಜಿಲ್ಲೆಗೆ ಹೊಸದೇನಲ್ಲ. 1923ರಲ್ಲಿ ಶುರುವಾದ ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಕುಲುಮೆ ಉರೀತಿದ್ದದ್ದೇ ಇದ್ದಿಲಿನಿಂದ. ಮಲೆನಾಡಿನ ಕಾಡೇ ಅದರ ಸೌದೆ ಮನೆ. ಪೆಟ್ರೋಲ್ ಇಲ್ಲದಾಗ ಬಸ್ಸೂ ಅದೇ ಕಾಡಿಗೆ ಕೈಚಾಚಿತು.

(5/5)

1943ರ ಬೇಸಿಗೆ. ಅಜ್ಜಿಯ ತಮ್ಮನಿಗೆ ಮೂರು ವರ್ಷ. ಮಲೆನಾಡಿನ ಚಳಿಜ್ವರ, ಅಂದರೆ ಮಲೇರಿಯಾ. ಒಂದು ದಿನ ಬಿಟ್ಟು ಒಂದು ದಿನ ನಡುಕ. ಊರಿನ ಹತ್ತಿರ ಕ್ವಿನೈನ್ ಸಿಗಲಿಲ್ಲ. ಶಿವಮೊಗ್ಗದಲ್ಲಿ ಸಿಗಬಹುದು ಅಂತ ಯಾರೋ ಹೇಳಿದರು. ಮುತ್ತಜ್ಜ ಅಡಿಕೆ ವ್ಯವಹಾರಕ್ಕೆ ಸಾಗರದ ಕಡೆ ಹೋಗಿದ್ದರು. ಮುತ್ತಜ್ಜಿ ಒಬ್ಬರೇ, ಕಂಕುಳಲ್ಲಿ ಮಗು, ಕೈಯಲ್ಲಿ ಅಜ್ಜಿ, ಬಟ್ಟೆಯಲ್ಲಿ ಕಟ್ಟಿದ ಅವಲಕ್ಕಿ ಬೆಲ್ಲ. ಬೆಳಗಿನ ಜಾವ ಸೂಡಿ ಹಿಡಿದು ನಡೆದು ಬಸ್ ನಿಲ್ಲೋ ಜಾಗಕ್ಕೆ ಬಂದರು.

ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರ್. ಈಗ ನಾವು ರೀಲ್ಸ್ ನೋಡ್ತಾ ಒಂದೂವರೆ ಗಂಟೆಯಲ್ಲಿ ಮುಟ್ತೀವಿ. ಅವತ್ತು ಅವರು ಮುಟ್ಟಿದ್ದು ಮಧ್ಯಾಹ್ನ ಕಳೆದ ಮೇಲೆ.

"ಎಂತ ಬಸ್ಸು ಮಾರಾಯ್ತಿ ಅದು! ಅದು ನಮ್ಮನ್ನ ಹೊತ್ತಿದ್ದಕ್ಕಿಂತ ನಾವೇ ಅದನ್ನ ನೂಕಿದ್ದು ಜಾಸ್ತಿ." ಏರು ಬಂದ ಕಡೆಯೆಲ್ಲ "ಇಳೀರಿ, ಇಳೀರಿ" ಅಂತ ಕಂಡಕ್ಟರ್ ಕೂಗೋದು. ಗಂಡಸರು ಹಿಂದಿನಿಂದ ನೂಕೋದು. ಹೆಂಗಸರು ಮಕ್ಕಳನ್ನ ಎತ್ಕೊಂಡು ಬಸ್ಸಿನ ಹೊಗೆಯ ಹಿಂದೆ ನಡೆಯೋದು. ಜ್ವರದ ಮಗು ಹೊತ್ತ ಮುತ್ತಜ್ಜಿಗೂ ಅದರಲ್ಲಿ ರಿಯಾಯಿತಿ ಇರಲಿಲ್ಲ. ಭಾರ ಕಡಿಮೆ ಆಗಬೇಕಲ್ಲ.

ಮಂಡಗದ್ದೆ ದಾಟಿದ ಮೇಲೆ ಬಸ್ಸು ಪೂರ್ತಿ ನಿಂತಿತು. ಕ್ಲೀನರ್ ಹುಡುಗ ಡ್ರಮ್ಮಿನ ಮುಚ್ಚಳ ತೆಗೆದು ಇದ್ದಿಲು ಸುರಿದ, ಬಗ್ಗಿ ಕೆದಕಿದ, ಆಮೇಲೆ ಫ್ಯಾನ್ ತಿರುಗಿಸೋಕೆ ನಿಂತ. ಹನ್ನೆರಡೋ ಹದಿಮೂರೋ ವರ್ಷ ಇರಬೇಕು, "ನಮ್ಮಣ್ಣನಷ್ಟೇ ಇದ್ದ, ಮುಖ ಪೂರ್ತಿ ಮಸಿ" ಅಂತಾರೆ ಅಜ್ಜಿ. ತಿರುಗಿಸ್ತಾ ತಿರುಗಿಸ್ತಾ ಕೈ ಬಿಟ್ಟು, ರಸ್ತೆ ಬದಿಗೆ ಹೋಗಿ, ತಲೆ ಹಿಡ್ಕೊಂಡು ಕೂತುಬಿಟ್ಟ. ವಾಂತಿ ಮಾಡ್ಕೊಂಡ. ಡ್ರೈವರ್ ಬೈದ. ಮುತ್ತಜ್ಜಿ ಹತ್ತಿರ ಹೋಗಿ "ಎಂತ ಆಯ್ತೋ ತಮ್ಮ, ಬೆಳಿಗ್ಗೆ ಎಂತಾದ್ರೂ ತಿಂದಿದೀಯಾ?" ಅಂತ ಕೇಳಿ ಒಂದು ಹಿಡಿ ಅವಲಕ್ಕಿ, ಒಂದು ಚೂರು ಬೆಲ್ಲ ಕೊಟ್ಟರು. ಅವನು ತಿಂದು, ಸ್ವಲ್ಪ ಹೊತ್ತು ಗಾಳಿಗೆ ಕೂತು, ಎದ್ದು ಬಂದು ಮತ್ತೆ ಹಿಡಿ ತಿರುಗಿಸಿದ. ಬಸ್ಸು ಹೊರಟಿತು.

ಇಷ್ಟು ವರ್ಷ ಅಜ್ಜಿ ಮನಸ್ಸಲ್ಲಿ ಆ ಹುಡುಗ ಹಸಿವಿಗೆ ತಲೆ ಸುತ್ತಿ ಕೂತವನು. ನಾನು ಈ ಸರಣಿಗೋಸ್ಕರ ಇದ್ದಿಲು ಗ್ಯಾಸ್ ಬಗ್ಗೆ ಓದ್ತಾ ಇದ್ದಾಗ ತಟ್ಟನೆ ಹೊಳೀತು. ಮುಚ್ಚಳ ತೆಗೆದಾಗ ಹೊರಗೆ ಬರೋದು ಅದೇ ಕಾರ್ಬನ್ ಮಾನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹೀಮೋಗ್ಲೋಬಿನ್ ಆಮ್ಲಜನಕಕ್ಕಿಂತ ಸುಮಾರು 200 ಪಟ್ಟು ಗಟ್ಟಿಯಾಗಿ ಅದನ್ನ ಹಿಡ್ಕೊಳ್ಳುತ್ತೆ. ಮೊದಲು ತಲೆನೋವು, ಆಮೇಲೆ ತಲೆ ಸುತ್ತು, ವಾಂತಿ. ಅವನಿಗೆ ಹಸಿವೂ ಇದ್ದಿರಬಹುದು. ಆದರೆ ಅವತ್ತು ಅವನನ್ನ ಎಬ್ಬಿಸಿದ್ದು ಬೆಲ್ಲಕ್ಕಿಂತ ಹೆಚ್ಚಾಗಿ ರಸ್ತೆ ಬದಿಯ ಗಾಳಿ ಇರಬೇಕು. ಅವನು ಎದ್ದು ಹೋಗಿ ನಿಂತದ್ದು ಮತ್ತೆ ಅದೇ ಡ್ರಮ್ಮಿನ ಪಕ್ಕ.

ಕಾರಿದ್ದವರು ಕೂಪನ್ ಸಾಲದೆ ಗೊಣಗಿರಬಹುದು, ಕಾರನ್ನ ಶೆಡ್ಡಿನಲ್ಲಿ ನಿಲ್ಲಿಸಿರಬಹುದು. ಪೆಟ್ರೋಲ್ ಮಾಡ್ತಿದ್ದ ಕೆಲಸವನ್ನ ಮೈಮೇಲೆ ಹೊತ್ಕೊಂಡವರು ಏರಿನಲ್ಲಿ ಮಗು ಎತ್ತಿ ನಡೆದ ಮುತ್ತಜ್ಜಿ ಮತ್ತು ಈ ಹುಡುಗ.

ಶಿವಮೊಗ್ಗದಲ್ಲಿ ಕ್ವಿನೈನ್ ಸಿಕ್ಕಿತು, ಕೇಳಿದಷ್ಟಲ್ಲ, ಸ್ವಲ್ಪ. ಮಗು ಬದುಕಿತು. ನಮ್ಮ ಮನೆಯಲ್ಲಿ ಎಲ್ಲರೂ ಸಣ್ಣಜ್ಜ ಅಂತ ಕರೀತಿದ್ದವರು ಅವರೇ. ಎಂಟನೇ ಫೋಟೋದಲ್ಲಿ ನನ್ನನ್ನ ಎತ್ಕೊಂಡು ನಿಂತಿದ್ದಾರೆ ನೋಡಿ.

ಕ್ಲೀನರ್ ಹುಡುಗನ ವಿಷಯ ಅಜ್ಜಿಗೆ ಹೇಳಿದೆ. ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: "ಹಾಗಾದ್ರೆ ಡ್ರೈವರ್‌ಗೆ ಗೊತ್ತಿತ್ತಾ?"

ನನಗೆ ಉತ್ತರ ಹೊಳೀಲಿಲ್ಲ. ನಿಮ್ಮ ಮನೆಯಲ್ಲಿ 85 ದಾಟಿದವರು ಯಾರಾದರೂ ಇದ್ದರೆ ಇದ್ದಿಲು ಬಸ್ಸಿನ ಬಗ್ಗೆ ಕೇಳಿ ನೋಡಿ, ಅದರ ಹಿಂದೆ ನಿಲ್ತಿದ್ದ ಹುಡುಗರ ಬಗ್ಗೆಯೂ ಕೇಳಿ. ಏನು ಹೇಳಿದರು ಅಂತ ಕಾಮೆಂಟಲ್ಲಿ ಬರೀರಿ, ನಾನು ಅಜ್ಜಿಗೆ ಓದಿ ಹೇಳ್ತೀನಿ.

#ಇದ್ದಿಲುಬಸ್ಸು #ಅಜ್ಜಿಹೇಳಿದಇತಿಹಾಸ #ಮಲೆನಾಡು